ಎರಡನೇ ಸಲ ಸೊಟ್ಟಗಾದ ಮೂಗು

ಬೇರೆಯವರು ಕೈ ಹಾಕಿದ ಮೂಗು ಅಂದರೆ ನನಗೆ ಮೊದಲಿನಿಂದಲೂ ತಲೆನೋವು. ಒಳಗೆ ಏನು ತೆಗೆದಿದ್ದಾರೆ, ಏನು ಬಿಟ್ಟಿದ್ದಾರೆ, ತೆರೆದು ನೋಡುವವರೆಗೆ ಗೊತ್ತಾಗುವುದಿಲ್ಲ. ಹಳೆಯ ಗಾಯದ ಗಂಟುಗಳಿಂದ ಚರ್ಮ ಬಿಡಿಸುವುದು ಒದ್ದೆಯಾಗಿ ಅಂಟಿಕೊಂಡ ಕಾಗದ ಬಿಡಿಸಿದ ಹಾಗೆ. ಮೂಗಿನ ನಡುಗೋಡೆಯಲ್ಲಿ ಮೃದ್ವಸ್ಥಿ ಉಳಿದಿರುವುದಿಲ್ಲ, ಪಕ್ಕೆಲುಬಿನಿಂದ ತೆಗೆದು ತರಬೇಕು. ಪಕ್ಕೆಲುಬಿನದು ಕೆಲವು ತಿಂಗಳಾದ ಮೇಲೆ ತನಗಿಷ್ಟ ಬಂದ ಕಡೆ ಬಾಗುತ್ತದೆ. ಇಷ್ಟೆಲ್ಲ ಮಾಡಿಯೂ "ಇನ್ನೂ ಒಂಚೂರು ಎಡಕ್ಕಿದೆ ಡಾಕ್ಟ್ರೇ" ಅಂತ ಅನ್ನಿಸಿಕೊಳ್ಳಬೇಕು. ಹಾಗಾಗಿ ಸಿಂಗಪುರದ ನನ್ನ ಕ್ಲಿನಿಕ್ಕಿಗೆ ಎರಡನೇ ಆಪರೇಷನ್ ಕೇಳಿಕೊಂಡು ಬರುವವರಲ್ಲಿ ಬಹಳ ಜನರನ್ನು ನಾನು ಮೊದಲ ಭೇಟಿಯಲ್ಲೇ ಹೆದರಿಸಿ ವಾಪಸ್ ಕಳಿಸುತ್ತೇನೆ.

ಈ ದಂಪತಿ ಹೆದರಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಗಂಡ ಹೆದರಲಿಲ್ಲ, ಹೆಂಡತಿ ಬಾಯಿಯೇ ಬಿಡಲಿಲ್ಲ. ಆತ ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸದವನು. ಲಂಚ್ ಟೈಮಿನಲ್ಲಿ ಎದ್ದು ಬಂದಿದ್ದ, ಕುತ್ತಿಗೆಯಲ್ಲಿ ಆಫೀಸಿನ ಐಡಿ ಕಾರ್ಡು ಹಾಗೇ ಇತ್ತು. ಆಕೆ ಜುರಾಂಗ್ ವೆಸ್ಟಿನ ಮನೆಯಿಂದ ಒಬ್ಬಳೇ ಎಂಆರ್‌ಟಿ ರೈಲಿನಲ್ಲಿ ಬಂದು ಅವನಿಗಾಗಿ ಕಾದು ಕೂತಿದ್ದಳು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು.

"ನಮ್ಮೋರೇ ಒಬ್ರು ಡಾಕ್ಟರ್ ಇದಾರೆ ಅಂತ ಗೊತ್ತಾಯ್ತು ಮೇಡಂ, ಡೈರೆಕ್ಟಾಗಿ ಬುಕ್ ಮಾಡ್ಬಿಟ್ಟೆ. ಬೇರೆಯವ್ರ ಹತ್ರ ಇದನ್ನೆಲ್ಲ ಎಕ್ಸ್‌ಪ್ಲೇನ್ ಮಾಡೋದು ಕಷ್ಟ," ಅಂದ ಆತ. "ಇವಳಿಗೆ ಮದ್ವೆಗೆ ಮುಂಚೆ ಬೆಂಗಳೂರಲ್ಲಿ ಮೂಗಿನ ಆಪರೇಷನ್ ಆಗಿತ್ತು. ಚಿಕ್ಕೋಳಿದ್ದಾಗ್ಲಿಂದ ಸೊಟ್ಟಗಿತ್ತಂತೆ. ಸರಿ ಮಾಡ್ಸಿ ಮದ್ವೆ ಮಾಡಿದ್ರು, ನಮಗೆ ಹೇಳಿದ್ದೇ ಆಮೇಲೆ. ಈಗ ನೋಡಿ, ಮತ್ತೆ ಹೋಯ್ತು. ಅವನ್ಯಾವನೋ ಡಾಕ್ಟರ್ ಹಾಳ್ ಮಾಡಿದಾನೆ."

ಮೊಬೈಲಿನಲ್ಲಿ ಮದುವೆಯ ಫೋಟೋ ತೋರಿಸಿದ. ಬಾಸಿಂಗದ ಕೆಳಗೆ ಮೂಗು ಗೆರೆ ಎಳೆದ ಹಾಗಿತ್ತು. ಎದುರಿಗೆ ಕೂತಿದ್ದವಳ ಮೂಗಿನ ಸೇತುವೆ ನಡುವಿನಿಂದ ಬಲಕ್ಕೆ ವಾಲಿತ್ತು.

"ಯಾವಾಗಿನಿಂದ ಹೀಗಾಯಿತು?" ಅಂತ ಆಕೆಯನ್ನು ಕೇಳಿದೆ.

"ಮೆಲ್ಲಮೆಲ್ಲಗೆ ಆಯ್ತು ಮೇಡಂ. ಇಲ್ಲಿಗೆ ಶಿಫ್ಟ್ ಆದ್ಮೇಲೆ," ಅಂತ ಆತ ಹೇಳಿದ.

"ಮೂಗು ಅವರದಲ್ವಾ? ಅವರೇ ಹೇಳ್ಲಿ," ಅಂದೆ. ನನ್ನ ಬಾಯಿ ಸ್ವಲ್ಪ ಜೋರು, ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಗೊತ್ತು. ಆಕೆ ಗಂಡನ ಕಡೆ ನೋಡಿ, "ಹೌದು, ಮೆಲ್ಲಗೇ ಆಯ್ತು," ಅಂದಳು. ಬಲಹೊಳ್ಳೆಯಲ್ಲಿ ಉಸಿರಾಡಲು ಆಗುವುದಿಲ್ಲ, ಮಲಗಿದರೆ ಬಾಯಿ ಒಣಗುತ್ತದೆ ಅನ್ನುವುದನ್ನೂ ನಾನೇ ಕೇಳಿ ಕೇಳಿ ಹೊರಡಿಸಬೇಕಾಯಿತು.

ಆತನಿಗೆ ಅವಸರವಿತ್ತು. ಆಕೆಯ ತಂಗಿಯ ಮದುವೆ ದಾವಣಗೆರೆಯಲ್ಲಿ ನಿಶ್ಚಯವಾಗಿತ್ತು, ಅದಕ್ಕೆ ಮುಂಚೆ ಮೂಗು ನೆಟ್ಟಗಾಗಬೇಕಿತ್ತು. ಅಷ್ಟರಲ್ಲಿ ಊತ ಇಳಿಯುವುದಿಲ್ಲ ಅಂದರೆ, "ಪರ್ವಾಗಿಲ್ಲ ಮೇಡಂ, ಸೈನಸ್ ಆಪರೇಷನ್ ಆಯ್ತು ಅಂತ ಹೇಳ್ತೀವಿ," ಅಂದ. ನನ್ನ ರೋಗಿಗಳ ಪೈಕಿ ನಮ್ಮ ಊರುಗಳ ಕಡೆಯವರಿಗೆಲ್ಲ ಆಗುವುದು ಸೈನಸ್ ಆಪರೇಷನ್ನೇ, ಮೂಗಿನ ಆಪರೇಷನ್ ಯಾರಿಗೂ ಆಗುವುದಿಲ್ಲ. ಅದಕ್ಕೆ ನಾನೂ ಆಶ್ಚರ್ಯಪಡಲಿಲ್ಲ.

ಎಂಡೋಸ್ಕೋಪಿಗೆ ಜೊತೆಯವರನ್ನು ಹೊರಗೆ ಕೂರಿಸುವುದು ನಮ್ಮ ಕ್ರಮ. ಮರಗಟ್ಟಿಸುವ ಸ್ಪ್ರೇ ಹೊಡೆದು, ಸಣ್ಣ ಕೊಳವೆ ಒಳಗೆ ಬಿಟ್ಟು ನೋಡಿದೆ. ನಡುಗೋಡೆ ಬಲಕ್ಕೆ ಉಬ್ಬಿತ್ತು. ಎಡಗಡೆಯ ಪೊರೆಯ ಮೇಲೆ, ಮುಂಭಾಗದಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಒಂದು ಬಿಳಿ ಕಲೆ. ಹಳೇ ಆಪರೇಷನ್ನಿನಲ್ಲಿ ಪೊರೆ ಹರಿದಿರಬೇಕು ಅಂದುಕೊಂಡೆ, ಹರಿಯುವುದು ಸಾಮಾನ್ಯ. ಫೋಟೋಗಳನ್ನು ತೆಗೆದು, ಸಿಟಿ ಸ್ಕ್ಯಾನಿಗೆ ಬರೆದುಕೊಟ್ಟು, ಪಕ್ಕೆಲುಬಿನ ಮೃದ್ವಸ್ಥಿ ಬೇಕಾಗಬಹುದು ಅಂತ ಹೇಳಿ ಕಳಿಸಿದೆ.

ಸ್ಕ್ಯಾನ್ ಬಂದ ದಿನ ಬೆಂಗಳೂರಿನ ಡಾಕ್ಟರರ ಮೇಲೆ ನನಗೂ ಸಿಟ್ಟು ಬಂತು. ಮೂಗಿನ ಎಡಮೂಳೆ ಒಳಕ್ಕೆ ಕುಸಿದಿತ್ತು, ಬಲಮೂಳೆ ಹೊರಕ್ಕೆ ಸರಿದಿತ್ತು. ಇಷ್ಟು ಕೆಟ್ಟದಾಗಿ ಮೂಳೆ ಕತ್ತರಿಸಿ ಕೂರಿಸುವುದೂ ಒಂದು ಕೆಲಸವೇ? ಆಕೆಯ ಒಪ್ಪಿಗೆ ಪಡೆದು ಅವರಿಗೆ ಫೋನ್ ಮಾಡಿದೆ. ವಯಸ್ಸಾದ ದನಿ.

"ಮೂಳೆ ಮುಟ್ಟೇ ಇಲ್ಲಮ್ಮ ನಾನು," ಅಂದರು. "ಉಳಿ ಕೈಗೇ ತಗೊಂಡಿಲ್ಲ. ಆ ಹುಡುಗಿಗೆ ನಡುಗೋಡೆ ಒಂದೇ ಸೊಟ್ಟ ಇದ್ದಿದ್ದು. ಅದನ್ನೂ ಬಲಗಡೆಯಿಂದ ಹೋಗಿ ಸರಿ ಮಾಡಿದೀನಿ, ಎಡಗಡೆ ಪೊರೆ ಇದ್ದ ಹಾಗೇ ಇದೆ."

"ಎಡಗಡೆ ಒಂದು ಕಲೆ ಇದೆ ಸರ್."

"ನಂದಲ್ಲ. ಆಪರೇಷನ್ ಆಗಿ ವರ್ಷದ ಮೇಲೂ ಬಂದು ತೋರಿಸ್ಕೊಂಡು ಹೋದಳು, ಚೆನ್ನಾಗಿತ್ತು. ನನ್ನ ಹೆಸರು ಯಾಕಮ್ಮ ಕೆಡಿಸ್ತೀರಾ?"

ಫೋನಿಟ್ಟು ಸ್ಕ್ಯಾನನ್ನು ಮತ್ತೆ ತೆರೆದೆ. ನಾವು ಉಳಿಯಿಂದ ಕತ್ತರಿಸುವ ಗೆರೆ ಮೂಳೆಯ ಬುಡದಲ್ಲಿರುತ್ತದೆ. ಈ ಬಿರುಕು ನಡುವಿನಲ್ಲಿ ಅಡ್ಡಾದಿಡ್ಡಿ ಹೋಗಿತ್ತು. ಇದು ಡಾಕ್ಟರು ಕತ್ತರಿಸಿದ್ದಲ್ಲ, ಮುರಿದದ್ದು. ಎಲ್ಲಾದರೂ ಬಿದ್ದಿದ್ದರಾ ಅಂತ ಕ್ಲಿನಿಕ್ಕಿನಿಂದ ಆಕೆಯ ನಂಬರಿಗೆ ಮೆಸೇಜು ಹಾಕಿಸಿದರೆ ಆ ನಂಬರಿನಿಂದ ಗಂಡನ ಉತ್ತರ ಬಂತು: ಹಾಂ, ಒಂದ್ಸಲ ಬಾತ್‌ರೂಮಲ್ಲಿ ಜಾರಿದ್ದಳು, ಮರೆತೇಬಿಟ್ಟಿದ್ದೆ, ಆಪರೇಷನ್ ಡೇಟ್ ಕನ್ಫರ್ಮ್ ಮಾಡಿ. ಮೂಗು ಮುರಿದದ್ದನ್ನು ಯಾರು ಮರೆಯುತ್ತಾರೆ? ಅನುಮಾನ ಬಂತು. ಅನುಮಾನದ ಮೇಲೆ ಯಾರ ಮನೆಯ ಬಾಗಿಲನ್ನೂ ಬಡಿಯಲಾಗುವುದಿಲ್ಲ. ಆಕೆ ಒಬ್ಬಳೇ ಸಿಗುವ ದಿನಕ್ಕಾಗಿ ಕಾದೆ.

ಆಪರೇಷನ್ನಿಗೆ ಮುಂಚಿನ ತಪಾಸಣೆಯ ದಿನ ಗಂಡನಿಗೆ ಆಫೀಸಿನಲ್ಲಿ ಬಿಡುವಾಗಲಿಲ್ಲ. ಒಬ್ಬಳೇ ಬಂದಳು. ರಕ್ತ ತೆಗೆದಾಯಿತು, ಇಸಿಜಿ ಆಯಿತು. ಆಪರೇಷನ್ ಹೊತ್ತಿನಲ್ಲಿ ಮೈಮೇಲೆ ಲೋಹ ಇರಬಾರದು, ರಕ್ತ ನಿಲ್ಲಿಸುವ ಕರೆಂಟು ತಗುಲಿದರೆ ಚರ್ಮ ಸುಡುತ್ತದೆ. ಹಾಗಾಗಿ ನರ್ಸ್ ಆಕೆಯ ಎಡಹೊಳ್ಳೆಯ ಮೂಗುಬೊಟ್ಟು ತೆಗೆಯಲು ಹೋದಳು. ಹತ್ತು ನಿಮಿಷ ಗುದ್ದಾಡಿ ನನ್ನ ಹತ್ತಿರ ಬಂದಳು.

"ಕೆನಾಟ್ ಲಾ, ಡಾಕ್ಟರ್. ಸ್ಟಕ್," ಅಂದಳು. ನಮ್ಮ ನರ್ಸ್ ಮಲಯ್ ಹೆಂಗಸು. ಒತ್ತಿ ಕೂರಿಸುವ, ಕೊಕ್ಕೆ ಹಾಕುವ ನತ್ತುಗಳನ್ನೆಲ್ಲ ತೆಗೆದು ಗೊತ್ತು, ಇದು ಮಾತ್ರ ಬಗ್ಗಲಿಲ್ಲ.

ಅದು ನಮ್ಮ ಕಡೆಯ ತಿರುಪಿನ ಮೂಗುಬೊಟ್ಟು. ಹೊರಗೆ ಕೆಂಪು ಹರಳು, ಹೊಳ್ಳೆಯೊಳಗೆ ಸುತ್ತು ಕೊರೆದ ಕಡ್ಡಿ, ಕಡ್ಡಿಯ ತುದಿಗೆ ತಿರುಗಿಸಿ ಕೂರಿಸುವ ಚಿನ್ನದ ತಿರುಪು. ನನ್ನ ಅಮ್ಮನದೂ ಹೀಗೇ ಇತ್ತು, ಅಕ್ಕಸಾಲಿಗನ ಹತ್ತಿರವೇ ಹೋಗಿ ಬಿಚ್ಚಿಸುತ್ತಿದ್ದಳು. ಆಕೆಯನ್ನು ಕುರ್ಚಿಗೆ ಒರಗಿಸಿ ಎಂಡೋಸ್ಕೋಪಿನಲ್ಲಿ ಒಳಗಿನಿಂದ ನೋಡಿದೆ. ಕಡ್ಡಿ ಬಾಗಿತ್ತು, ಅದಕ್ಕೇ ತಿರುಪು ತಿರುಗುತ್ತಿರಲಿಲ್ಲ. ಚಿನ್ನದ ಕಡ್ಡಿಯಾದರೂ ಸುಮ್ಮನೆ ಬಾಗುವಂಥದ್ದಲ್ಲ. ಎದುರಿನ ನಡುಗೋಡೆಯಲ್ಲಿ ಆ ಅಕ್ಕಿಕಾಳಿನ ಕಲೆ.

ಹೊರಗಿನಿಂದ ಎಡಹೊಳ್ಳೆಯ ಮೇಲೆ ಒಂದು ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಸ್ಕ್ರೀನಿನ ಮೇಲೆ ತಿರುಪಿನ ಅಂಚು ಒಳಕ್ಕೆ ಹೋಗಿ ಕಲೆಯ ಮೇಲೆ ಕೂತಿತು. ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ಬಾತ್‌ರೂಮಿನಲ್ಲಿ ಜಾರಿ ಮುಖ ಅಡಿಯಾಗಿ ಬಿದ್ದವರ ಮೂಗುಬೊಟ್ಟು ಹೀಗೆ ಒಳಕ್ಕೆ ಹೋಗಿ ಎದುರು ಗೋಡೆ ಕುಯ್ಯುವುದಿಲ್ಲ. ಎದುರಿಗೆ ನಿಂತವರ ಬಲಗೈ ಪಕ್ಕದಿಂದ ಬೀಸಿ ಬಂದರೆ ಹೋಗುತ್ತದೆ.

ಆಕೆ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಗೊತ್ತಾಯ್ತಲ್ಲ ಡಾಕ್ಟ್ರೇ," ಅಂದಳು.

ಬಾಗಿಲು ಹಾಕಿಸಿದೆ. "ಹೇಳಮ್ಮ," ಅಂದೆ.

"ಮೂಗಿಗೆ ಒಂದೇ ಸಲ," ಅಂದಳು. ಬೇರೆ ಕಡೆ ಎಷ್ಟು ಸಲ ಅಂತ ನಾನು ಕೇಳಲಿಲ್ಲ, ಕೇಳುವ ಧೈರ್ಯ ಆಗಲಿಲ್ಲ. "ಅನ್ನ ತಳ ಹತ್ತಿತು ಅಂತ ಶುರುವಾಯ್ತು. ಅವತ್ತಿಂದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ರೆ ನೆಟ್‌ವರ್ಕ್ ಸರಿ ಇಲ್ಲ ಅಂತ ಕ್ಯಾಮೆರಾ ಆಫ್ ಮಾಡ್ತೀನಿ. ಈ ಮೂಗು ಇಟ್ಕೊಂಡು ತಂಗಿ ಮದ್ವೆಗೆ ಕರ್ಕೊಂಡು ಹೋಗಲ್ಲ ಅಂದಿದಾರೆ. ಮಾಡ್ಬಿಡಿ ಡಾಕ್ಟ್ರೇ. ಒಂದ್ಸಲ ಊರಿಗೆ ಹೋದ್ರೆ ಸಾಕು, ವಾಪಸ್ ಬರಲ್ಲ ನಾನು."

ಅಲ್ಲಿಯವರೆಗೆ ನನ್ನ ಲೆಕ್ಕವೇ ಬೇರೆ ಇತ್ತು. ಆತ ತಪ್ಪು ಮುಚ್ಚಲು ನನ್ನ ಕೈ ಕೇಳುತ್ತಿದ್ದಾನೆ, ನಾನು ಆಗುವುದಿಲ್ಲ ಅನ್ನಬೇಕು, ಅಷ್ಟೆ ಅಂದುಕೊಂಡಿದ್ದೆ. ಈಗ ಅದೇ ನೆಟ್ಟಗಿನ ಮೂಗು ಇವಳು ತಪ್ಪಿಸಿಕೊಳ್ಳುವ ದಾರಿಯೂ ಆಗಿತ್ತು. ಪೊಲೀಸಿಗೆ ಹೋಗೋಣ ಅಂದೆ. ಇಂಥವರಿಗೆ ಉಳಿಯಲು ಜಾಗ ಕೊಡುವವರಿದ್ದಾರೆ, ಕೋರ್ಟಿನಿಂದ ರಕ್ಷಣೆಯ ಆದೇಶ ಸಿಗುತ್ತದೆ, ನಮ್ಮ ಸೋಶಿಯಲ್ ವರ್ಕರ್ ಎಲ್ಲ ಮಾಡಿಸಿಕೊಡುತ್ತಾಳೆ ಅಂದೆ. ಬೇಡವೆಂದು ತಲೆಯಾಡಿಸಿದಳು.

"ನಾನಿಲ್ಲಿ ಇರೋ ವೀಸಾ ಪಾಸು ಅವರ ಕೆಲಸದ ಪಾಸಿನ ಮೇಲಿದೆ. ಇಲ್ಲಿ ಗಲಾಟೆ ಆದ್ರೆ ಅಲ್ಲಿ ತಂಗಿ ಮದ್ವೆ ನಿಂತು ಹೋಗತ್ತೆ. ಮದ್ವೆ ಒಂದು ಆಗ್ಲಿ. ಅಮ್ಮನಿಗೆ ಹೇಳಿದ್ರೆ ಅಮ್ಮ ಬಿಡಲ್ಲ ನನ್ನ."

ಒಂದು ವಾರ ನನಗೆ ಬೇರೆ ಯೋಚನೆಯಿಲ್ಲ. ಮೂಳೆಯನ್ನು ಮತ್ತೆ ಮುರಿದು ಕೂರಿಸಬಹುದು. ಕೂಡಿಕೊಳ್ಳಲು ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ಅದು ಹಸಿ ಮಡಕೆ. ಹೊಸದಾಗಿ ಕೂರಿಸಿದ ಮೂಗನ್ನು ಅದೇ ಮನೆಗೆ, ಅದೇ ಕೈಯ ಎದುರಿಗೆ ಕಳಿಸಬೇಕು. ಇನ್ನೊಂದು ಏಟು ಬಿದ್ದರೆ ಆಮೇಲೆ ಯಾವ ಡಾಕ್ಟರೂ ಜೋಡಿಸಲು ಆಗುವುದಿಲ್ಲ. ಇನ್ನೊಂದು ದಾರಿ ಫಿಲ್ಲರ್: ಕುಸಿದ ಕಡೆ ಜೆಲ್ಲಿಯಂಥ ಔಷಧಿ ಚುಚ್ಚಿ ತಗ್ಗು ತುಂಬುವುದು. ಮೂಳೆ ಸೊಟ್ಟಗೇ ಇರುತ್ತದೆ, ನೋಡುವವರ ಕಣ್ಣಿಗೆ ನೆಟ್ಟಗೆ ಕಾಣುತ್ತದೆ. ಬೇಡವೆಂದರೆ ಕರಗಿಸಲೂ ಬರುತ್ತದೆ. ನಮ್ಮ ಹಿರಿಯ ಡಾಕ್ಟರನ್ನು ಕೇಳಿದೆ. "ಒಮ್ಮೆ ಆಪರೇಷನ್ ಆದ ಮೂಗು. ರಕ್ತನಾಳ ಎಲ್ಲೆಲ್ಲಿ ಸರಿದಿದೆಯೋ ಗೊತ್ತಿಲ್ಲ. ಅದರೊಳಕ್ಕೆ ಹೋದರೆ ಚರ್ಮ ಕೊಳೆಯುತ್ತದೆ, ಕಣ್ಣೇ ಹೋಗಬಹುದು," ಅಂದರು. ಇದನ್ನೆಲ್ಲ ಆಕೆಗೆ ಮುಚ್ಚುಮರೆಯಿಲ್ಲದೆ ಹೇಳಿದೆ. "ಚುಚ್ಚಿ," ಅಂದಳು.

ಗಂಡನಿಗೆ ನಾನು ಸುಳ್ಳು ಹೇಳಲಿಲ್ಲ. ಮದುವೆಯೊಳಗೆ ಆಪರೇಷನ್ ಆಗದ ಮಾತು, ಸದ್ಯಕ್ಕೆ ಇಂಜೆಕ್ಷನ್ನಿನಲ್ಲಿ ನೆಟ್ಟಗೆ ಕಾಣಿಸಬಹುದು ಅಂದೆ. ಆತನಿಗೆ ಖುಷಿಯೋ ಖುಷಿ.

"ಲಂಚ್ ಟೈಮಲ್ಲೇ ಆಗೋಗತ್ತಾ ಮೇಡಂ? ಮೊದ್ಲೇ ಹೇಳಿದ್ರೆ ಇಷ್ಟು ಟೆನ್ಷನ್ನೇ ಇರ್ತಿರ್ಲಿಲ್ಲ," ಅಂದ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈಗವಸು ಹಾಕಿಕೊಂಡೆ.

ಮೊಂಡು ತುದಿಯ ಸೂಜಿ ತೆಗೆದುಕೊಂಡೆ. ಮೂಳೆಗೆ ತಾಗುವಷ್ಟು ಆಳಕ್ಕೆ ಇಳಿಸಿ, ಹನಿ ಹನಿಯಾಗಿ ಬಿಟ್ಟು, ಪ್ರತಿ ಹನಿಗೂ ನಿಲ್ಲಿಸಿ ಚರ್ಮದ ಬಣ್ಣ ನೋಡಿದೆ. ನನ್ನ ಬೆರಳು ಕಾಣಿಸುತ್ತಿದೆಯಾ, ಮಂಜಾಗುತ್ತಿದೆಯಾ ಅಂತ ಕೇಳುತ್ತಲೇ ಇದ್ದೆ. ಕರಗಿಸುವ ಔಷಧಿಯನ್ನು ನರ್ಸ್ ಕೈಯಲ್ಲೇ ಹಿಡಿದು ನಿಂತಿದ್ದಳು. ಏನೂ ಅನಾಹುತ ಆಗಲಿಲ್ಲ. ಕನ್ನಡಿ ಕೊಟ್ಟಾಗ ಮದುವೆಯ ಫೋಟೋದ ಮೂಗು ಅಲ್ಲಿತ್ತು. ಬಾಗಿಲ ಹತ್ತಿರ ಹಿಂದುಳಿದು, ಗಂಡನಿಗೆ ಕೇಳಿಸದ ಹಾಗೆ, "ಇನ್ನು ಬರಲ್ಲ ಡಾಕ್ಟ್ರೇ," ಅಂದಳು. ಹೋಗಮ್ಮಾ ತಾಯಿ, ಚೆನ್ನಾಗಿರು ಅಂದುಕೊಂಡೆ. ಅವತ್ತು ಹಾಕರ್ ಸೆಂಟರಿನಲ್ಲಿ ಹೊಟ್ಟೆ ತುಂಬ ಊಟ ಮಾಡಿದೆ.

ಮದುವೆಯ ದಿನ ಕಳೆದು ಮೂರು ವಾರವಾಗಿತ್ತು. ಬೆಳಗಿನ ಪಟ್ಟಿಯಲ್ಲಿ ಆಕೆಯ ಹೆಸರು ಕಂಡಿತು. ಬಂದಳು. ಮೂಗು ನೆಟ್ಟಗೇ ಇತ್ತು.

"ಯಾಕಮ್ಮ ವಾಪಸ್ ಬಂದೆ?" ಅಂತ ಬೈಯುವ ಹಾಗೇ ಕೇಳಿದೆ.

"ಕಳಿಸಿದ್ರು," ಅಂದಳು. "ಮದ್ವೆ ಮನೇಲಿ ಇವರು ಪಂಚೆ ಎತ್ತಿ ಕಟ್ಟಿ ಸಾರು ಬಡಿಸಿದ್ರು. ಅಳಿಯ ಅಂದ್ರೆ ಹಿಂಗಿರ್ಬೇಕು ಅಂತ ಎಲ್ರೂ ಅಂದಿದ್ದೇ ಅಂದಿದ್ದು. ಗಂಡಿನ ಕಡೆಯವ್ರು ಎಲ್ಲಾ ಹೋದ್ಮೇಲೆ ಅಮ್ಮನ್ನ ರೂಮಿಗೆ ಕರ್ಕೊಂಡು ಹೋಗಿ ಹೇಳ್ದೆ. ಮೂಗು ಮುರಿದಿದಾರೆ ಅಂದೆ. ಅಮ್ಮ ನನ್ನ ಗದ್ದ ಹಿಡ್ಕೊಂಡು ಲೈಟಿಗೆ ತಿರುಗಿಸಿ ನೋಡಿದ್ರು. 'ಕಡ್ಡಿ ಇಟ್ಟ ಹಾಗಿದೆಯಲ್ಲೇ. ಮುರಿದ ಮೂಗು ಹಿಂಗಿರತ್ತಾ?' ಅಂದ್ರು. ಇಂಜೆಕ್ಷನ್ ಹಾಕಿಸ್ಕೊಂಡಿದೀನಿ ಅಂದ್ರೆ, 'ಇಂಜೆಕ್ಷನ್ನಿಗೆ ಮೂಗು ನೆಟ್ಟಗಾಗತ್ತಾ, ಸುಮ್ನಿರೇ. ಅಷ್ಟು ದೂರ ಇದ್ದು ಬೇಜಾರಾಗಿದೆ ನಿಂಗೆ, ಒಂದು ಮಗು ಆದ್ರೆ ಎಲ್ಲಾ ಸರಿಹೋಗತ್ತೆ' ಅಂದ್ರು. ಅಪ್ಪನಿಗೆ ಹೇಳ್ತೀನಿ ಅಂದಿದ್ದಕ್ಕೆ ಆಣೆ ಹಾಕಿಸ್ಕೊಂಡ್ರು. ಕುಂಕುಮ ಹಚ್ಚಿ, ಚಕ್ಲಿ ಡಬ್ಬ ಕೈಗೆ ಕೊಟ್ಟು ಏರ್‌ಪೋರ್ಟಿಗೆ ಕಳಿಸಿದ್ರು."

ಅಷ್ಟು ಎಚ್ಚರದಿಂದ, ಅಷ್ಟು ಚೆಂದವಾಗಿ ನಾನು ಮಾಡಿದ ಕೆಲಸ ಹೋಗಿ ಅವಳ ವಿರುದ್ಧವೇ ಸಾಕ್ಷಿ ಹೇಳಿತ್ತು.

"ಕರಗಿಸಿಬಿಡಿ ಡಾಕ್ಟ್ರೇ," ಅಂದಳು.

"ಮನೆಗೆ ಹೋದ ಮೇಲೆ ಆತ ನೋಡಿದರೆ?"

"ಮನೆಗೆ ಹೋಗಲ್ಲ. ಅವತ್ತು ನೀವು ಹೇಳಿದ್ರಲ್ಲ ಸೋಶಿಯಲ್ ವರ್ಕರ್, ಅವರನ್ನ ಕರೀರಿ."

ಸೋಶಿಯಲ್ ವರ್ಕರ್ ಮಧ್ಯಾಹ್ನಕ್ಕೆ ಬಂದಳು, ನಡುವಯಸ್ಸಿನ ತಮಿಳು ಹೆಂಗಸು. ಅವಳು ಆಕೆಗೆ ಉಳಿಯಲು ಜಾಗ ಹುಡುಕಿ ಫೋನುಗಳನ್ನು ಮಾಡುತ್ತಿರುವಾಗ ನಾನು ಆಕೆಯ ಮುಂಗೈಯ ಚರ್ಮದಡಿ ಒಂದು ಹನಿ ಚುಚ್ಚಿ ಕರಗಿಸುವ ಔಷಧಿ ಒಗ್ಗುತ್ತದಾ ಅಂತ ನೋಡಿದೆ. ಕೆಂಪಗಾಗಲಿಲ್ಲ. ಆಮೇಲೆ ಮೂಗಿಗೆ ಕೊಟ್ಟೆ. ಉರಿಯುತ್ತದೆ ಅದು, ಆಕೆ ಕಣ್ಣು ಮುಚ್ಚಿಕೊಂಡಿದ್ದಳು. ಹೆಬ್ಬೆರಳಿನಿಂದ ತಿಕ್ಕಿದೆ. ಇಷ್ಟು ವರ್ಷ ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿ ಅಭ್ಯಾಸವಾದ ಕೈ ಇದು. ಅರ್ಧ ಗಂಟೆಯಲ್ಲಿ ಎಡಗಡೆಯ ತಗ್ಗು ಮೆಲ್ಲಗೆ ಕಾಣಿಸಿಕೊಂಡಿತು. ಕನ್ನಡಿ ಕೇಳಿದಳು.

"ಇನ್ನೂ ಇದೆ. ಎಲ್ಲಾ ತೆಗೀರಿ," ಅಂದಳು. ಇನ್ನೊಂದು ಸಲ ಕೊಟ್ಟೆ. ಸ್ವಲ್ಪ ಊದಿಕೊಂಡಿತ್ತು, ಆದರೂ ಬಲಕ್ಕೆ ವಾಲಿದ ಸೇತುವೆ ಯಾರ ಕಣ್ಣಿಗಾದರೂ ಬೀಳುವಷ್ಟು ಸ್ಪಷ್ಟವಾಗಿತ್ತು.

ಆಕೆ ಕಿಟಕಿಯ ಬೆಳಕಿಗೆ ಹೋಗಿ ನಿಂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಳು. ನಾನು ಹೊರಗೆ ಹೋಗುತ್ತೇನೆ ಅಂದರೆ, "ಇರಿ ಡಾಕ್ಟ್ರೇ, ನಂಬದಿದ್ರೆ ನೀವು ಹೇಳ್ಬೇಕು," ಅಂದಳು. ಆ ಕಡೆಯಿಂದ ಊಟ ಆಯಿತಾ ಅನ್ನುವ ದನಿ ಬಂತು, ಅಲ್ಲಿಗೇ ನಿಂತಿತು.

"ಏನೇ ಅದು ಮೂಗು?"

"ಇದೇ ಅಮ್ಮ ನನ್ನ ಮೂಗು. ಅವತ್ತು ನೀನು ಲೈಟಿಗೆ ಹಿಡಿದು ನೋಡಿದ್ದು ಔಷಧಿ. ಈಗ ತೆಗೆಸಿದೆ."

ಆ ಕಡೆಯಿಂದ ಪಿಸುದನಿ: "ಮೆಲ್ಲಗೆ ಮಾತಾಡು. ಅಪ್ಪನಿಗೆ ತೋರಿಸ್ಬೇಡ, ಬಿಪಿ ಜಾಸ್ತಿ ಆಗತ್ತೆ ಅವರಿಗೆ."

"ಅಪ್ಪನ್ನ ಕರಿ."

"ಬೇಡ ಕಣೇ. ಆಣೆ ಮಾಡಿದೀಯ ನನ್ನ ಮೇಲೆ."

"ಕರಿ ಅಮ್ಮ. ಕರೆಯೋವರ್ಗೂ ನಾನು ಫೋನ್ ಇಡಲ್ಲ."

ಆಕೆ ಇಡಲಿಲ್ಲ. ಕೈ ಸೋತು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡಳು, ಮುಖ ಮಾತ್ರ ಕ್ಯಾಮೆರಾದಿಂದ ಸರಿಸಲಿಲ್ಲ. ಆ ಕಡೆ ಅಮ್ಮ ಅಳುವುದು ಕೇಳಿಸಿತು, ಬಾಗಿಲು ಸರಿದ ಸದ್ದು, ಯಾಕೆ ಅಳ್ತಾ ಇದೀಯ ಅಂತ ಗಂಡಸಿನ ದನಿ. ಫೋನು ಕೈ ಬದಲಾಯಿತು. ಅಪ್ಪ ಏನಾಯಿತು ಅಂತಲೂ ಕೇಳಲಿಲ್ಲ.

"ನಾನು ಬರ್ಲಾ ಮಗಳೇ, ನೀನೇ ಬರ್ತೀಯಾ?" ಅಂದರು.

ಆಕೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನೇ ಬರ್ತೀನಿ ಅಪ್ಪ. ಮೊದ್ಲು ಪೊಲೀಸ್ ಸ್ಟೇಷನ್ನಿಗೆ ಹೋಗ್ಬಿಟ್ಟು ಬರ್ತೀನಿ."